ಕಡತ ಇದ್ದಲ್ಲೇ ಇದೆ, ಹಳೆಯ ಪ್ರೋಗ್ರಾಂ ಮಾತ್ರ ಅದನ್ನು ಓದುವುದಿಲ್ಲ ಏಕೆ?

ಪ್ರಶ್ನೆ: ನಮ್ಮ ವಿಭಾಗದಲ್ಲಿ ಹಳೆಯ ಲೆಕ್ಕಾಚಾರದ ಪ್ರೋಗ್ರಾಂ ಒಂದಿದೆ. ಅದನ್ನು ಬರೆದವರು ಈಗ ಇಲ್ಲಿಲ್ಲ, ಮೂಲ ಕೋಡ್ ಕೂಡ ಸಿಗುತ್ತಿಲ್ಲ. ಸರ್ವರ್‌ಗೆ ಹೊಸ ಲಿನಕ್ಸ್ ಹಾಕಿದ ಮೇಲೆ ಅದು ‘ಎರರ್ ಓಪನಿಂಗ್ ಟರ್ಮಿನಲ್: ಎಕ್ಸ್‌ಟರ್ಮ್-256ಕಲರ್’ ಎಂದು ಹೇಳಿ ನಿಂತುಬಿಡುತ್ತದೆ. ಆ ಹೆಸರಿನ ಕಡತ ಡಿಸ್ಕ್‌ನಲ್ಲಿ ಇದ್ದೇ ಇದೆ, ಉಳಿದ ಪ್ರೋಗ್ರಾಂಗಳೆಲ್ಲ ಚೆನ್ನಾಗಿ ಓಡುತ್ತಿವೆ. ಇದನ್ನು ಸರಿಪಡಿಸುವುದು ಹೇಗೆ? ಇನ್ನೊಂದು ವಿಷಯ: ಪ್ರತಿ ಟರ್ಮಿನಲ್‌ನ ಗುಣಗಳ ವಿವರಣೆ ಇರುವ ಟರ್ಮ್‌ಇನ್ಫೋ ಕಡತಗಳನ್ನು ನೇರವಾಗಿ ಓದುವ ಸಣ್ಣ ಲೈಬ್ರರಿಯೊಂದನ್ನು ನಾನು ಬರೆಯುತ್ತಿದ್ದೇನೆ. ಇಷ್ಟು ಹಳೆಯ ಕಡತದ ಫಾರ್ಮ್ಯಾಟನ್ನು, ಅದನ್ನು ಓದಿ ಟರ್ಮಿನಲ್ ಪರದೆ ನಿಭಾಯಿಸುವ ಎನ್‌ಕರ್ಸಸ್ ಲೈಬ್ರರಿ ಬದಲಿಸಿದ್ದು ಸರಿಯೇ? ಇಂಥ ಬದಲಾವಣೆಗಳಿಗೆ ನನ್ನ ಲೈಬ್ರರಿಯನ್ನು ಹೇಗೆ ಸಿದ್ಧಪಡಿಸಲಿ?

ಉತ್ತರ: ಆ ದೋಷ ಸಂದೇಶ ನಿಮಗೆ ಪೂರ್ತಿ ವಿಷಯ ತಿಳಿಸುತ್ತಿಲ್ಲ. ಟರ್ಮಿನಲ್‌ನ ವಿವರಣೆ ಇರುವ ಕಡತ ಸಿಗದಿದ್ದರೂ ಎನ್‌ಕರ್ಸಸ್ ಇದನ್ನೇ ಹೇಳುತ್ತದೆ, ಕಡತ ಸಿಕ್ಕಿ ಅದರ ಒಳಗಿರುವುದು ಅರ್ಥವಾಗದಿದ್ದರೂ ಇದನ್ನೇ ಹೇಳುತ್ತದೆ. ನಿಮ್ಮದು ಎರಡನೆಯದು ಎಂದು ನನ್ನ ಊಹೆ. ಆದರೆ ಊಹೆಯ ಮೇಲೆ ಸರ್ವರ್‌ಗೆ ಕೈ ಹಚ್ಚಬಾರದು, ಮೊದಲು ಖಚಿತಪಡಿಸಿಕೊಳ್ಳಿ.

ಪ್ರೋಗ್ರಾಂ ಹೊರಗಿನ ಯಾವ ಲೈಬ್ರರಿಗಳನ್ನು ಬಳಸುತ್ತದೆ ಎಂದು ತೋರಿಸುವ ಎಲ್‌ಡಿಡಿ ಆದೇಶವನ್ನು ಅದರ ಮೇಲೆ ಓಡಿಸಿ. ಅದು ಡೈನಮಿಕ್ ಪ್ರೋಗ್ರಾಂ ಅಲ್ಲ ಎಂಬ ಉತ್ತರ ಬಂದರೆ, ಅದನ್ನು ಕಟ್ಟಿದ ಕಾಲದ ಎನ್‌ಕರ್ಸಸ್ ಅದರ ಹೊಟ್ಟೆಯೊಳಗೇ ಇದೆ ಎಂದರ್ಥ. ನೀವು ಸರ್ವರ್‌ನಲ್ಲಿ ಎಷ್ಟೇ ಹೊಸ ಲೈಬ್ರರಿ ಹಾಕಿದರೂ ಅದು ನೋಡುವುದಿಲ್ಲ. ಅದೇ ವೇಳೆ, ಟರ್ಮಿನಲ್ ವಿವರಣೆಯ ಕಡತವನ್ನು ಮಾತ್ರ ಅದು ಸರ್ವರ್‌ನ ಡಿಸ್ಕ್‌ನಿಂದಲೇ ಓದುತ್ತದೆ, ಆ ಕಡತ ಹೊಸದು. ಓದುವವನು ಹಳಬ, ಬರಹ ಹೊಸದು. ಮುಂದಿನ ಹೆಜ್ಜೆಯಾಗಿ ಎಸ್‌ಟ್ರೇಸ್ ಮೂಲಕ ಪ್ರೋಗ್ರಾಂ ಓಡಿಸಿ, ಯಾವ ಕಡತಗಳನ್ನು ತೆರೆಯಲು ಯತ್ನಿಸುತ್ತದೆ ಎಂದು ನೋಡಿ. ಕಡತ ತೆರೆದುಕೊಂಡು, ಅದರಿಂದ ಬೈಟ್‌ಗಳನ್ನು ಓದಿದ ಮೇಲೂ ಪ್ರೋಗ್ರಾಂ ಬೇರೆ ಡೈರೆಕ್ಟರಿಗೆ ಹೋಗಿ ಹುಡುಕುತ್ತಿದ್ದರೆ ನನ್ನ ಊಹೆ ನಿಜ. ಕಡತ ಇರುವ ಡೈರೆಕ್ಟರಿಯ ಕಡೆಗೇ ಅದು ಹೋಗದಿದ್ದರೆ ತೊಂದರೆ ಫಾರ್ಮ್ಯಾಟ್‌ನದಲ್ಲ, ವಿಳಾಸದ್ದು: ಡೆಬಿಯನ್ ಬಳಗದ ಹಲವು ವ್ಯವಸ್ಥೆಗಳು ಮುಖ್ಯ ವಿವರಣೆಗಳನ್ನು ಲಿಬ್ ಡೈರೆಕ್ಟರಿಯ ಒಳಗೆ ಇಡುತ್ತವೆ, ಬೇರೆಡೆ ಕಟ್ಟಿದ ಹಳೆಯ ಪ್ರೋಗ್ರಾಂ ಯುಎಸ್‌ಆರ್ ಶೇರ್ ಒಳಗೆ ಮಾತ್ರ ಹುಡುಕುತ್ತಿರಬಹುದು. ಆಗ ಟರ್ಮ್‌ಇನ್ಫೋ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಸರಿಯಾದ ಡೈರೆಕ್ಟರಿಯ ಹೆಸರು ಕೊಟ್ಟರೆ ಕೆಲಸ ಮುಗಿಯಿತು.

ಕೊನೆಯ ಸಾಕ್ಷಿ ಕಡತದ ಮೊದಲ ಎರಡು ಬೈಟ್‌ಗಳು. ಓಡಿ ಆದೇಶದಿಂದ ಅವುಗಳನ್ನು ದಶಮಾನದಲ್ಲಿ ನೋಡಿ. 26 ಮತ್ತು 1 ಬಂದರೆ ಅದು ಹಳೆಯ ಫಾರ್ಮ್ಯಾಟ್. 30 ಮತ್ತು 2 ಬಂದರೆ ಹೊಸದು, 2018ರ ಜನವರಿಯಲ್ಲಿ ಬಂದ ಎನ್‌ಕರ್ಸಸ್ 6.1ರಿಂದ ಈಚಿನದು. ಅದಕ್ಕಿಂತ ಹಿಂದಿನ ಯಾವ ಎನ್‌ಕರ್ಸಸ್ ಕೂಡ 30, 2 ಎಂದು ಶುರುವಾಗುವ ಕಡತವನ್ನು ಓದದು. ಗುರುತು ಸಿಗಲಿಲ್ಲವೆಂದು ಅಲ್ಲೇ ಬಿಟ್ಟು, ಇಂಥ ಟರ್ಮಿನಲ್ ಗೊತ್ತೇ ಇಲ್ಲ ಎಂದುಬಿಡುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸಲು ಈ ಕಡತದ ಒಳಗೆ ಏನಿದೆ ಎಂದು ತೆರೆದು ತೋರಿಸಲೇಬೇಕು. ತೆರೆಯಲು ತಕ್ಕದ್ದು ಎಡಿಎಂ-3ಎ ಎಂಬ ಟರ್ಮಿನಲ್‌ನ ವಿವರಣೆ. ಲಿಯರ್ ಸೀಗ್ಲರ್ ಕಂಪನಿಯ ಆ ಯಂತ್ರ ಎಪ್ಪತ್ತರ ದಶಕದ್ದು. ವಿಐ ಸಂಪಾದಕದಲ್ಲಿ ಕರ್ಸರ್ ಓಡಿಸಲು ಎಚ್, ಜೆ, ಕೆ, ಎಲ್ ಕೀಲಿಗಳು ಬಂದದ್ದು ಆ ಯಂತ್ರದ ಕೀಲಿಮಣೆಯ ಮೇಲೆ ಆ ನಾಲ್ಕು ಅಕ್ಷರಗಳ ಜೊತೆ ಬಾಣಗಳನ್ನು ಅಚ್ಚು ಹಾಕಿದ್ದರಿಂದ. ಅದರ ವಿವರಣೆ ಇಂದಿಗೂ ಎನ್‌ಕರ್ಸಸ್ ಜೊತೆಗೆ ಬರುತ್ತದೆ, ಕಂಪೈಲ್ ಆದ ಮೇಲೆ ಕೇವಲ 345 ಬೈಟ್.

ಆ 345ರಲ್ಲಿ ಮೊದಲ 12 ಬೈಟ್ ತಲೆಬರಹ: ತಲಾ ಎರಡು ಬೈಟ್‌ನ ಆರು ಸಂಖ್ಯೆಗಳು, ಪ್ರತಿಯೊಂದರಲ್ಲೂ ಚಿಕ್ಕ ಬೈಟ್ ಮೊದಲು. ಮೊದಲನೆಯದು ಗುರುತು ಸಂಖ್ಯೆ 282, ಅಂದರೆ ಮೇಲೆ ಹೇಳಿದ 26 ಮತ್ತು 1. ಎರಡನೆಯದು 16, ಹೆಸರಿನ ಭಾಗದ ಉದ್ದ. ‘ಎಡಿಎಂ3ಎ’ ಎಂಬ ಹೆಸರು, ಒಂದು ನಿಂತ ಗೆರೆ, ‘ಎಲ್‌ಎಸ್‌ಐ ಎಡಿಎಂ3ಎ’ ಎಂಬ ಪೂರ್ಣ ಹೆಸರು, ಕೊನೆಗೊಂದು ಸೊನ್ನೆ ಬೈಟ್, ಇಂಗ್ಲಿಷ್ ಅಕ್ಷರಗಳಲ್ಲಿ ಎಣಿಸಿದರೆ ಸರಿಯಾಗಿ 16. ಆಮೇಲೆ 2, 3, 130 ಮತ್ತು 49. ಅಂದರೆ ಹೌದು–ಇಲ್ಲ ಗುಣಗಳು ಎರಡು, ಸಂಖ್ಯಾ ಗುಣಗಳು ಮೂರು, ಸ್ಟ್ರಿಂಗ್ ಗುಣಗಳು 130, ಸ್ಟ್ರಿಂಗ್‌ಗಳನ್ನೆಲ್ಲ ಇಟ್ಟಿರುವ ಕೋಷ್ಟಕದ ಗಾತ್ರ 49 ಬೈಟ್. ಆ ಮೂರು ಸಂಖ್ಯೆಗಳು 80, ‑1, 24. ಎಂಬತ್ತು ಕಾಲಂ, ಇಪ್ಪತ್ತನಾಲ್ಕು ಸಾಲು. ನಡುವಿನ ‑1 ಎಂದರೆ ‘ಈ ಗುಣ ಈ ಟರ್ಮಿನಲ್‌ಗೆ ಇಲ್ಲ’.

ಇಲ್ಲಿ ಗಮನಿಸಬೇಕಾದದ್ದು, ಯಾವ ಗುಣದ ಹೆಸರೂ ಈ ಕಡತದಲ್ಲಿ ಇಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯದೆ ಕ್ರಮಸಂಖ್ಯೆಯ ಎದುರು ಗುರುತು ಹಾಕಿದಂತೆ, ಮೊದಲನೆಯ ಸಂಖ್ಯೆ ಎಂದರೆ ಕಾಲಂ, ಮೂರನೆಯದು ಎಂದರೆ ಸಾಲು ಎಂದು ಎಲ್ಲರೂ ಮೊದಲೇ ಒಪ್ಪಿಕೊಂಡಿರಬೇಕು. ಟರ್ಮ್‌ಇನ್ಫೋಗಿಂತ ಹಿಂದಿನ ಟರ್ಮ್‌ಕ್ಯಾಪ್ ಹೀಗಿರಲಿಲ್ಲ. 1978ರಲ್ಲಿ ಬಿಲ್ ಜಾಯ್ ಬಿಎಸ್‌ಡಿ ಯುನಿಕ್ಸ್‌ಗಾಗಿ ಬರೆದ ಅದು ಸಾದಾ ಪಠ್ಯ ಕಡತ. ಪ್ರತಿ ಗುಣಕ್ಕೂ ಎರಡಕ್ಷರದ ಹೆಸರು, ಕ್ರಮ ಹೇಗಿದ್ದರೂ ನಡೆಯುತ್ತಿತ್ತು, ಗೊತ್ತಿಲ್ಲದ ಹೆಸರನ್ನು ಪ್ರೋಗ್ರಾಂ ಕೇಳುತ್ತಲೇ ಇರಲಿಲ್ಲ. ಫಾರ್ಮ್ಯಾಟ್ ಬೆಳೆಯಲು ಅದಕ್ಕಿಂತ ಒಳ್ಳೆಯ ನೆಲ ಇನ್ನೊಂದಿಲ್ಲ. ಅದನ್ನು ಕಟ್ಟಿಹಾಕಿದ್ದು ಫಾರ್ಮ್ಯಾಟ್ ಅಲ್ಲ, ಅದನ್ನು ಓದುವ ಫಂಕ್ಷನ್. ಕರೆಯುವ ಪ್ರೋಗ್ರಾಂ 1024 ಬೈಟ್‌ನ ಜಾಗ ಕೊಡಬೇಕು, ಲೈಬ್ರರಿ ಅದರೊಳಗೆ ಇಡೀ ವಿವರಣೆಯನ್ನು ತುಂಬಬೇಕು ಎಂಬ ಒಪ್ಪಂದ ಇತ್ತು. ವಿವರಣೆಗಳು ಉದ್ದವಾಗುತ್ತ ಹೋದಂತೆ ಆ ಜಾಗ ಸಾಲದೆ ಪ್ರೋಗ್ರಾಂಗಳು ಕುಸಿದವು. ಇಂದಿನ ಎನ್‌ಕರ್ಸಸ್ ಅದೇ ಫಂಕ್ಷನ್ನನ್ನು ಅದೇ ಹೆಸರಿನಲ್ಲಿ ಹಳೆಯ ಪ್ರೋಗ್ರಾಂಗಳಿಗಾಗಿ ಇನ್ನೂ ಇಟ್ಟುಕೊಂಡಿದೆ, ಆದರೆ ಕೊಟ್ಟ ಜಾಗದಲ್ಲಿ ಏನನ್ನೂ ಬರೆಯುವುದಿಲ್ಲ. ಕರೆಯುವ ವಿಧಾನ ಹಾಗೇ ಉಳಿಯಿತು, ಅಪಾಯ ಹೋಯಿತು. ಹಳಬರನ್ನು ನೋಡಿಕೊಳ್ಳುವ ಬಗೆ ಇದು ಎಂದು ನಾನು ಕಿರಿಯರಿಗೆ ಇದನ್ನೇ ತೋರಿಸುತ್ತೇನೆ.

ಎಂಬತ್ತರ ದಶಕದ ಆರಂಭದಲ್ಲಿ ಮಾರ್ಕ್ ಹಾರ್ಟನ್ ರೂಪಿಸಿದ ಟರ್ಮ್‌ಇನ್ಫೋ, ವೇಗಕ್ಕಾಗಿ ಕಂಪೈಲ್ ಮಾಡಿದ ಕಡತವನ್ನು ತಂದಿತು. ಹೆಸರುಗಳು ಹೋಗಿ ಕ್ರಮ ಬಂದದ್ದು ಆಗ. ಹಾಗಿದ್ದರೆ ಹೊಸ ಗುಣಗಳನ್ನು ಸೇರಿಸುವುದು ಹೇಗೆ? ಉತ್ತರ ತಲೆಬರಹದ ಆ ಎಣಿಕೆಗಳಲ್ಲೇ ಇದೆ. ಇಂದಿನ ಎನ್‌ಕರ್ಸಸ್‌ಗೆ 414 ಸ್ಟ್ರಿಂಗ್ ಗುಣಗಳು ಗೊತ್ತು. ಎಡಿಎಂ-3ಎ ಕಡತ 130 ಮಾತ್ರ ಎನ್ನುತ್ತದೆ. ಎನ್‌ಕರ್ಸಸ್ 130 ಓದಿ, ಉಳಿದವು ಇಲ್ಲ ಎಂದು ತಾನೇ ತುಂಬಿಕೊಳ್ಳುತ್ತದೆ. ತನಗೆ ಗೊತ್ತಿರುವುದಕ್ಕಿಂತ ಹೆಚ್ಚು ಇರುವ ಕಡತ ಸಿಕ್ಕರೆ ಹಳೆಯ ಓದುಗ ಹೆಚ್ಚಿನದನ್ನು ದಾಟಿ ಮುಂದೆ ಹೋಗಬೇಕು, ಎಷ್ಟು ದಾಟಬೇಕು ಎಂಬುದನ್ನೂ ತಲೆಬರಹವೇ ಹೇಳುತ್ತದೆ. ನಿಯಮ ಒಂದೇ: ಹೊಸದನ್ನು ಕೊನೆಗೆ ಮಾತ್ರ ಸೇರಿಸಿ, ಹಳೆಯದರ ಸ್ಥಾನ ಎಂದೂ ಕದಲಿಸಬೇಡಿ.

ಆ ನಿಯಮ ಮುರಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಎಚ್‌ಪಿ‑ಯುಎಕ್ಸ್, ಎಐಎಕ್ಸ್, ಒಎಸ್‌ಎಫ್/1 ಎಂಬ ಮೂರು ವಾಣಿಜ್ಯ ಯುನಿಕ್ಸ್‌ಗಳು ಸಿಸ್ಟಮ್ ಫೈವ್‌ನ ಆರಂಭದ ಆವೃತ್ತಿಯಿಂದ ಕವಲೊಡೆದು, ತಮ್ಮ ತಮ್ಮ ಗುಣಗಳನ್ನು ಅದೇ ಕೊನೆಗೆ ಸೇರಿಸಿಕೊಂಡವು. ಸಿಸ್ಟಮ್ ಫೈವ್ ಕೂಡ ಅದೇ ಸ್ಥಾನಗಳಿಗೆ ತನ್ನ ಗುಣಗಳನ್ನು ಸೇರಿಸುತ್ತಿತ್ತು. ಗುರುತು ಸಂಖ್ಯೆ ಅದೇ, ತಲೆಬರಹ ಅದೇ, ಆದರೆ ಒಂದೇ ಸ್ಥಾನಕ್ಕೆ ಇಲ್ಲಿ ಒಂದು ಅರ್ಥ, ಅಲ್ಲಿ ಇನ್ನೊಂದು. ಅಲ್ಲಿಯ ಕಡತ ಇಲ್ಲಿ ತೆರೆಯುತ್ತದೆ, ಯಾವ ದೋಷವೂ ವರದಿಯಾಗುವುದಿಲ್ಲ, ತಪ್ಪು ಕೀಲಿಗೆ ತಪ್ಪು ಕೆಲಸ ಅಂಟಿಕೊಳ್ಳುತ್ತದೆ. ನಿಮ್ಮ ಪ್ರೋಗ್ರಾಂ ನಿಂತುಹೋದದ್ದು ಕಿರಿಕಿರಿ, ಒಪ್ಪುತ್ತೇನೆ. ಆದರೆ ನಿಲ್ಲದೆ ತಪ್ಪಾಗಿ ಓಡುವುದು ಅದಕ್ಕಿಂತ ಎಷ್ಟೋ ಕೆಟ್ಟದ್ದು, ಏಕೆಂದರೆ ಅದನ್ನು ಹುಡುಕಲು ಎಲ್ಲಿಂದ ಶುರು ಮಾಡಬೇಕು ಎಂದೇ ತಿಳಿಯುವುದಿಲ್ಲ.

ಎನ್‌ಕರ್ಸಸ್ ಈ ಗೊಂದಲಕ್ಕೆ 1999ರಲ್ಲಿ, 5.0 ಆವೃತ್ತಿಯಲ್ಲಿ ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚಿಗೆಯದು. ಬೇರೆ ಲೈಬ್ರರಿಗಳು ತಲೆಬರಹ ಹೇಳಿದಷ್ಟು ಬೈಟ್ ಓದಿ ನಿಂತುಬಿಡುತ್ತವೆ, ಅದರಾಚೆ ಏನಿದೆ ಎಂದು ನೋಡುವುದೇ ಇಲ್ಲ. ಹಾಗಾದರೆ ಅದರಾಚೆ ಏನು ಬೇಕಾದರೂ ಇಡಬಹುದು! ಸ್ಟ್ರಿಂಗ್ ಕೋಷ್ಟಕ ಮುಗಿದ ಮೇಲೆ ಎನ್‌ಕರ್ಸಸ್ ಇನ್ನೊಂದು ಪುಟ್ಟ ತಲೆಬರಹ ಇಟ್ಟು, ಅದರ ಕೆಳಗೆ ಹೊಸ ಗುಣಗಳನ್ನು ಈ ಬಾರಿ ಹೆಸರುಗಳ ಸಮೇತ ಬರೆಯಿತು. ಹೆಸರಿರುವುದರಿಂದ ಸ್ಥಾನಕ್ಕಾಗಿ ಜಗಳವಿಲ್ಲ, ಹಳೆಯ ಓದುಗರಿಗೆ ಬಾಲ ಇರುವುದೇ ಗೊತ್ತಾಗದು. ಒಂದೇ ಟರ್ಮಿನಲ್‌ನಲ್ಲಿ ಹಲವು ಪರದೆ ಓಡಿಸುವ ಟಿಮಕ್ಸ್ ಬಳಸುವವರು ನೇರ ಬಣ್ಣಕ್ಕಾಗಿ ಸೇರಿಸಿಕೊಳ್ಳುವ ಟಿಸಿ ಗುಣ, ಸುರುಳಿ ಅಡಿಗೆರೆಗೆ ಬೇಕಾದ ಗುಣ, ಇಂಥವೆಲ್ಲ ಈ ಬಾಲದಲ್ಲೇ ಬರುತ್ತವೆ. ವಿವರಣೆಯ ಪಠ್ಯವನ್ನು ಕಂಪೈಲ್ ಮಾಡುವ ಟಿಕ್ ಮತ್ತು ಕಂಪೈಲ್ ಆದದ್ದನ್ನು ಮತ್ತೆ ಪಠ್ಯವಾಗಿ ತೋರಿಸುವ ಇನ್ಫೋಸಿಎಂಪಿ ಆದೇಶಗಳಿಗೆ ‑ಎಕ್ಸ್ ಆಯ್ಕೆ ಕೊಡದಿದ್ದರೆ ಇವು ಕಾಣುವುದಿಲ್ಲ ಎಂಬುದನ್ನು ನೆನಪಿಡಿ.

ಹಾಗಾದರೆ 2018ರ ಬದಲಾವಣೆಯನ್ನೂ ಬಾಲದಲ್ಲೇ ಮುಗಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಡ್ಡಿ ಬಂದದ್ದು ಸಂಖ್ಯೆಗಳ ಅಗಲ. ಪ್ರತಿ ಸಂಖ್ಯಾ ಗುಣಕ್ಕೆ ಚಿಹ್ನೆ ಸಮೇತ 16 ಬಿಟ್, ಹಾಗಾಗಿ ಗರಿಷ್ಠ 32767. ಎಂಟು ಬಣ್ಣಗಳ ಕಾಲದಲ್ಲಿ ಅಕ್ಷರಕ್ಕೊಂದು, ಹಿನ್ನೆಲೆಗೊಂದು ಎಂದು ಜೋಡಿಸಿದರೆ 64 ಜೋಡಿ, ಯಾರಿಗೂ ಚಿಂತೆಯಿರಲಿಲ್ಲ. 256 ಬಣ್ಣಗಳಾದಾಗ 65536 ಜೋಡಿ. ಅದು ಹಿಡಿಸದ ಕಾರಣ ವರ್ಷಗಟ್ಟಲೆ ಎಕ್ಸ್‌ಟರ್ಮ್-256ಕಲರ್ ವಿವರಣೆಯಲ್ಲಿ 32767 ಎಂದೇ ಬರೆಯುತ್ತಿದ್ದರು. ಕೆಂಪು, ಹಸಿರು, ನೀಲಿಯ ಪ್ರಮಾಣವನ್ನೇ ಕೊಟ್ಟು ಬಣ್ಣ ಹೇಳುವ ನೇರ ಬಣ್ಣ ಬಂದಾಗ ಬಣ್ಣಗಳೇ 1,67,77,216 ಆದವು, ಅಷ್ಟನ್ನು ಕಡಿಮೆ ಮಾಡಿ ಬರೆಯುವ ದಾರಿ ಉಳಿಯಲಿಲ್ಲ. 16 ಬಿಟ್ ಮಿತಿ ಕಡತದಲ್ಲಿ ಮಾತ್ರ ಇರಲಿಲ್ಲ ಎಂಬುದನ್ನೂ ಹೇಳಬೇಕು. ಬಣ್ಣದ ಜೋಡಿ ಹೂಡುವ ಕರ್ಸಸ್ ಫಂಕ್ಷನ್‌ನ ಆರ್ಗ್ಯುಮೆಂಟ್‌ಗಳೇ ‘ಶಾರ್ಟ್’ ಮಾದರಿಯವು, ಹಾಗೆಂದು ಎಕ್ಸ್/ಓಪನ್ ಮಾನಕ ನಿಗದಿ ಮಾಡಿದೆ. ಅದನ್ನು ಮುಟ್ಟದೆ 6.1ರಲ್ಲಿ ಹೊಸ ಹೆಸರಿನ ಫಂಕ್ಷನ್‌ಗಳನ್ನು ಪಕ್ಕದಲ್ಲಿ ಸೇರಿಸಲಾಯಿತು.

ಕಡತದ ವಿಷಯದಲ್ಲಿ, ಎನ್‌ಕರ್ಸಸ್ ನೋಡಿಕೊಳ್ಳುತ್ತಿರುವ ಥಾಮಸ್ ಡಿಕಿ ಅವರು ಆರಿಸಿಕೊಂಡದ್ದು ಸಂಖ್ಯೆಗಳ ಭಾಗವನ್ನಷ್ಟೇ 32 ಬಿಟ್‌ಗೆ ಅಗಲಿಸಿ, ಗುರುತು ಸಂಖ್ಯೆಯನ್ನು 282ರಿಂದ 542ಕ್ಕೆ ಬದಲಿಸುವ ದಾರಿ. ಗುರುತು ಬದಲಿಸದೆ ಅಗಲಿಸಿದ್ದರೆ ಹಳೆಯ ಓದುಗರು ನಾಲ್ಕು ಬೈಟ್‌ನ ಒಂದು ಸಂಖ್ಯೆಯನ್ನು ಎರಡೆರಡು ಬೈಟ್‌ನ ಎರಡು ಸಂಖ್ಯೆಯೆಂದು ಓದಿ, ಅಲ್ಲಿಂದಾಚೆಯ ಸ್ಟ್ರಿಂಗ್‌ಗಳನ್ನೆಲ್ಲ ಕೆಡಿಸುತ್ತಿದ್ದರು. ಆದ್ದರಿಂದ ಗುರುತು ಬದಲಿಸಿದ್ದು ಸರಿ, ಇದರಲ್ಲಿ ನನಗೆ ಸಂದೇಹವಿಲ್ಲ. ಅದರ ಜೊತೆಗೆ ಟಿಕ್ ಒಂದು ವಿವೇಕ ತೋರಿಸುತ್ತದೆ: ವಿವರಣೆಯ ಎಲ್ಲ ಸಂಖ್ಯೆಗಳೂ 32767ರೊಳಗೆ ಇದ್ದರೆ ಅದು ಇಂದಿಗೂ ಹಳೆಯ ಫಾರ್ಮ್ಯಾಟ್‌ನಲ್ಲೇ ಬರೆಯುತ್ತದೆ. ಅನಿವಾರ್ಯವಾದಲ್ಲಿ ಮಾತ್ರ ಹೊಸದು. ಎಡಿಎಂ-3ಎ ಕಡತವನ್ನು ಇವತ್ತು ಕಂಪೈಲ್ ಮಾಡಿದರೂ ಅದು 26, 1 ಎಂದೇ ಶುರುವಾಗುತ್ತದೆ, ಸಾದಾ ಎಕ್ಸ್‌ಟರ್ಮ್ ಕೂಡ ಅಷ್ಟೇ.

ನನ್ನ ತಕರಾರು ಇರುವುದು ಬೇರೆ ಕಡೆ. ಎಕ್ಸ್‌ಟರ್ಮ್-256ಕಲರ್ ಎಂಬ ಹೆಸರಿನಡಿ ಇದ್ದ ಜೋಡಿಗಳ ಸಂಖ್ಯೆಯನ್ನು ಅದೇ ವೇಳೆ 32767ರಿಂದ 65536ಕ್ಕೆ ಏರಿಸಲಾಯಿತು. ಅದು ಸತ್ಯಕ್ಕೆ ಹತ್ತಿರವಾದ ಸಂಖ್ಯೆ, ನಿಜ. ಆದರೆ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಟರ್ಮಿನಲ್ ಹೆಸರುಗಳಲ್ಲಿ ಅದೂ ಒಂದು, ಮೂವತ್ತೆರಡು ಸಾವಿರಕ್ಕಿಂತ ಹೆಚ್ಚು ಜೋಡಿ ಬಳಸುವ ಪ್ರೋಗ್ರಾಂ ಸಿಗುವುದೇ ಕಷ್ಟ. ನೇರ ಬಣ್ಣಕ್ಕೆ ಹೇಗೂ ಎಕ್ಸ್‌ಟರ್ಮ್-ಡೈರೆಕ್ಟ್ ಎಂಬ ಹೊಸ ಹೆಸರು ಕೊಟ್ಟರು, ಅದನ್ನು ಕೇಳುವ ಹಳೆಯ ಪ್ರೋಗ್ರಾಂ ಇರಲು ಸಾಧ್ಯವೇ ಇಲ್ಲ. 256 ಬಣ್ಣಗಳ ಹಳೆಯ ಹೆಸರಿನಡಿ ಹಳೆಯ ಸಂಖ್ಯೆಯನ್ನೇ ಉಳಿಸಿದ್ದರೆ ನಿಮ್ಮಂಥವರಿಗೆ ಈ ಪತ್ರ ಬರೆಯುವ ಕೆಲಸ ಬರುತ್ತಿರಲಿಲ್ಲ. ಫಾರ್ಮ್ಯಾಟ್ ಬದಲಿಸುವುದು ಒಂದು ನಿರ್ಧಾರ, ಹಳೆಯ ಹೆಸರಿನ ಕಡತವನ್ನು ಹೊಸ ಫಾರ್ಮ್ಯಾಟ್‌ಗೆ ಒಯ್ಯುವುದು ಇನ್ನೊಂದು. ಎರಡನೆಯದರ ಬೆಲೆ ತೆರುವವರು ಲೈಬ್ರರಿಯ ಲೇಖಕರಲ್ಲ, ಮೂಲ ಕೋಡ್ ಇಲ್ಲದ ಪ್ರೋಗ್ರಾಂಗಳನ್ನು ನಂಬಿಕೊಂಡು ಕೆಲಸ ಮಾಡುವ ವಿಭಾಗಗಳು.

ಈಗ ನಿಮ್ಮ ಸರ್ವರ್‌ಗೆ ಮದ್ದು. ತೀರಾ ಸರಳವಾದದ್ದು, ಆ ಪ್ರೋಗ್ರಾಂ ಓಡಿಸುವಾಗ ಮಾತ್ರ, ಟರ್ಮಿನಲ್‌ನ ಹೆಸರು ಹೇಳುವ ಟರ್ಮ್ ವೇರಿಯಬಲ್‌ಗೆ ‘ಎಕ್ಸ್‌ಟರ್ಮ್’ ಎಂದು ಕೊಡುವುದು. ಎಂಟೇ ಬಣ್ಣ ಸಿಗುತ್ತವೆ, ಲೆಕ್ಕಾಚಾರದ ಪ್ರೋಗ್ರಾಂಗೆ ಅಷ್ಟು ಸಾಕಾಗಬಹುದು. 256 ಬಣ್ಣಗಳು ಬೇಕೇ ಬೇಕು ಎಂದರೆ ಹೀಗೆ ಮಾಡಿ. ಸರ್ವರ್‌ನಲ್ಲಿರುವ ಹೊಸ ಇನ್ಫೋಸಿಎಂಪಿಗೆ ‑ಎಕ್ಸ್ ಕೊಟ್ಟು ಎಕ್ಸ್‌ಟರ್ಮ್-256ಕಲರ್ ವಿವರಣೆಯನ್ನು ಪಠ್ಯವಾಗಿ ಹೊರತೆಗೆಯಿರಿ. ಅದರಲ್ಲಿ ‘ಪೇರ್ಸ್’ ಎಂಬ ಗುಣದ ಸಂಖ್ಯೆಯನ್ನು 32767 ಎಂದು ತಿದ್ದಿ. ಆ ಪಠ್ಯವನ್ನು ಟಿಕ್‌ಗೆ ‑ಎಕ್ಸ್ ಮತ್ತು ‑ಓ ಆಯ್ಕೆಗಳೊಂದಿಗೆ ಕೊಟ್ಟು ಪ್ರತ್ಯೇಕ ಡೈರೆಕ್ಟರಿಯೊಳಗೆ ಕಂಪೈಲ್ ಮಾಡಿ. ಹಳೆಯ ಟಿಕ್ ಹುಡುಕಿಕೊಂಡು ಹೋಗಬೇಕಿಲ್ಲ. ಸಂಖ್ಯೆಗಳೆಲ್ಲ ಮಿತಿಯೊಳಗೆ ಬಂದುದರಿಂದ ಹೊಸ ಟಿಕ್ ತಾನಾಗಿ ಹಳೆಯ ಫಾರ್ಮ್ಯಾಟ್ ಬರೆಯುತ್ತದೆ. ಮೊದಲ ಎರಡು ಬೈಟ್ 26 ಮತ್ತು 1 ಆಗಿವೆಯೇ ಎಂದು ನೋಡಿ. ಆಮೇಲೆ ಪ್ರೋಗ್ರಾಂ ಕರೆಯುವ ಎರಡು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದು, ಅದರೊಳಗೆ ಟರ್ಮ್‌ಇನ್ಫೋ ವೇರಿಯಬಲ್‌ಗೆ ಆ ಡೈರೆಕ್ಟರಿಯ ಹೆಸರು ಕೊಡಿ. ವ್ಯವಸ್ಥೆಯ ಮೂಲ ಕಡತವನ್ನು ಮಾತ್ರ ತಿದ್ದಬೇಡಿ, ಮುಂದಿನ ಅಪ್‌ಡೇಟ್ ಬಂದ ದಿನ ನಿಮ್ಮ ತಿದ್ದುಪಡಿ ಅಳಿಸಿಹೋಗಿ ಪ್ರೋಗ್ರಾಂ ಮತ್ತೆ ನಿಲ್ಲುತ್ತದೆ.

ಎಲ್‌ಡಿಡಿ ಬೇರೆ ಉತ್ತರ ಕೊಟ್ಟು, ಎನ್‌ಕರ್ಸಸ್‌ನಲ್ಲಿ ಟರ್ಮ್‌ಇನ್ಫೋ ಓದುವ ಭಾಗವಾದ ಲಿಬ್‌ಟಿಇನ್ಫೋ 5 ಬೇಕು ಅದು ಸಿಗುತ್ತಿಲ್ಲ ಎಂದರೆ, ಅದು ಬೇರೆಯೇ ಸಮಸ್ಯೆ. ಲಿಬ್‌ಟಿಇನ್ಫೋ 6ಕ್ಕೆ 5 ಎಂಬ ಹೆಸರಿನಲ್ಲಿ ಒಂದು ಲಿಂಕ್ ಮಾಡಿಬಿಡಿ ಎಂದು ಸಲಹೆ ಕೊಡುವವರು ಬಹಳ ಮಂದಿ ಸಿಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 2015ರಲ್ಲಿ ಎನ್‌ಕರ್ಸಸ್ 6.0 ಬಂದಾಗ ಸಂಖ್ಯೆ ಬದಲಿಸಿದ್ದಕ್ಕೆ ಕಾರಣವಿತ್ತು: ಪರದೆಯ ಒಂದು ಅಕ್ಷರವನ್ನು ಬಣ್ಣ ಸಮೇತ ಹಿಡಿದಿಡುವ ಸ್ಟ್ರಕ್ಚರ್‌ನ ಗಾತ್ರ ದೊಡ್ಡದಾಯಿತು, ಮೌಸ್ ಘಟನೆಗಳ ಬಿಟ್‌ಗಳ ಜೋಡಣೆ ಬದಲಾಯಿತು. ಲಿಂಕ್ ಮಾಡಿದರೆ ಕೆಲವು ಪ್ರೋಗ್ರಾಂ ಓಡುತ್ತವೆ, ಕೆಲವು ಓಡಿದಂತೆ ಕಂಡು ಮೆಮೊರಿ ಕೆಡಿಸುತ್ತವೆ. ನೀವು ಲೆಕ್ಕಾಚಾರಕ್ಕೆ ಬಳಸುವ ಪ್ರೋಗ್ರಾಂನಲ್ಲಿ ಅದು ನಿಮಗೆ ಬೇಡ. ರೆಡ್ ಹ್ಯಾಟ್ ಬಳಗದಲ್ಲಿ ಎನ್‌ಕರ್ಸಸ್ ಕಂಪ್ಯಾಟ್ ಲಿಬ್ಸ್ ಎಂಬ ಪ್ಯಾಕೇಜ್‌ನಲ್ಲಿ ನಿಜವಾದ 5ನೇ ಆವೃತ್ತಿಯ ಲೈಬ್ರರಿ ಸಿಗುತ್ತದೆ. ಸಿಗದ ಕಡೆ ಹಳೆಯ ವ್ಯವಸ್ಥೆಯನ್ನು ಒಂದು ಕಂಟೇನರ್‌ನೊಳಗೆ ಇಟ್ಟು ಪ್ರೋಗ್ರಾಂ ಅಲ್ಲಿ ಓಡಿಸಿ.

ಒಂದು ಯಂತ್ರದಿಂದ ಇನ್ನೊಂದಕ್ಕೆ ವಿವರಣೆ ಒಯ್ಯುವಾಗಲೂ ಇದೇ ಎಚ್ಚರ ಬೇಕು. ಕಂಪೈಲ್ ಆದ ಕಡತವನ್ನು ಎಂದೂ ನಕಲು ಮಾಡಬೇಡಿ. ಇನ್ಫೋಸಿಎಂಪಿಯಿಂದ ಪಠ್ಯ ತೆಗೆದು, ಎಸ್‌ಎಸ್‌ಎಚ್ ಮೂಲಕ ಕಳಿಸಿ, ಆ ಯಂತ್ರದ ಟಿಕ್‌ನಿಂದಲೇ ಕಂಪೈಲ್ ಮಾಡಿಸಿ. ಪಠ್ಯದಲ್ಲಿ ಗುಣಗಳಿಗೆ ಹೆಸರಿದೆ, ಅಲ್ಲಿಯ ಟಿಕ್‌ಗೆ ತನ್ನ ಲೈಬ್ರರಿ ಓದಬಲ್ಲ ಫಾರ್ಮ್ಯಾಟ್ ಯಾವುದೆಂದು ಗೊತ್ತಿದೆ. ಮ್ಯಾಕ್ ಬಳಸುವವರು ಇಲ್ಲಿಯೂ ಒಂದು ಪೆಟ್ಟು ತಿಂದಿದ್ದಾರೆ. ಮ್ಯಾಕ್‌ಒಎಸ್ ಜೊತೆಗೆ ಬಹಳ ವರ್ಷ ಎನ್‌ಕರ್ಸಸ್ 5.7 ಬರುತ್ತಿತ್ತು. ಟಿಮಕ್ಸ್-256ಕಲರ್ ವಿವರಣೆಯನ್ನು ಹೊಸ ಎನ್‌ಕರ್ಸಸ್‌ನಿಂದ ಪಠ್ಯವಾಗಿ ತೆಗೆದು ಮ್ಯಾಕ್‌ನ ಟಿಕ್‌ಗೆ ಕೊಟ್ಟರೆ 65536 ಎಂಬ ಜೋಡಿ ಸಂಖ್ಯೆ 16 ಬಿಟ್‌ನಲ್ಲಿ ಹಿಡಿಸುತ್ತಿರಲಿಲ್ಲ. ಅಲ್ಲೂ ಎಲ್ಲರೂ ಮಾಡಿದ್ದು ನಿಮಗೆ ಹೇಳಿದ್ದನ್ನೇ: ಪಠ್ಯದಲ್ಲಿ 32767 ಎಂದು ತಿದ್ದಿ, ಆಮೇಲೆ ಕಂಪೈಲ್. ಮ್ಯಾಕ್‌ನಲ್ಲಿ ಡೈರೆಕ್ಟರಿಯ ಹೆಸರು ಬೇರೆ ಎಂಬುದೂ ಗೊತ್ತಿರಲಿ. ಲಿನಕ್ಸ್‌ನಲ್ಲಿ ಎಕ್ಸ್ ಅಕ್ಷರದಿಂದ ಶುರುವಾಗುವ ಹೆಸರುಗಳು ಎಕ್ಸ್ ಡೈರೆಕ್ಟರಿಯಲ್ಲಿದ್ದರೆ ಅಲ್ಲಿ 78 ಎಂಬ ಡೈರೆಕ್ಟರಿಯಲ್ಲಿವೆ. ಅದು ಆ ಅಕ್ಷರದ ಹದಿನಾರರ ಮಾನದ ಸಂಕೇತ ಸಂಖ್ಯೆ. ಇಂಗ್ಲಿಷ್‌ನ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳನ್ನು ಬೇರೆ ಮಾಡದ ಡಿಸ್ಕ್‌ನಲ್ಲಿ ಎರಡು ಡೈರೆಕ್ಟರಿಗಳು ಒಂದರ ಮೇಲೊಂದು ಬೀಳದಿರಲಿ ಎಂದು ಈ ಏರ್ಪಾಡು.

ನಿಮ್ಮ ಲೈಬ್ರರಿಯ ವಿಷಯ. ಮೊದಲಿಗೆ, ಕಡತವನ್ನು ನೀವೇ ಓದುವ ಅಗತ್ಯವಿದೆಯೇ ಎಂದು ಇನ್ನೊಮ್ಮೆ ಯೋಚಿಸಿ. ಸಂಖ್ಯಾ ಗುಣಗಳನ್ನು ಕೇಳಲು ಬಳಸುವ, ಲಿಬ್‌ಟಿಇನ್ಫೋದ ಟಿಜೆಟ್‌ನಮ್ ಮತ್ತು ಟಿಐಜೆಟ್‌ನಮ್ ಫಂಕ್ಷನ್‌ಗಳು ಮೊದಲಿನಿಂದಲೂ ‘ಇಂಟ್’ ಹಿಂತಿರುಗಿಸುತ್ತಿದ್ದವು. ಹಾಗಾಗಿ ಅವುಗಳ ಮೂಲಕ ಕೇಳುತ್ತಿದ್ದ ಪ್ರೋಗ್ರಾಂಗಳಿಗೆ 2018ರಲ್ಲಿ ಏನೂ ಬದಲಾಗಲಿಲ್ಲ, ಹೊಸ ಲೈಬ್ರರಿ ಸಿಕ್ಕ ದಿನ ದೊಡ್ಡ ಸಂಖ್ಯೆಗಳು ತಾವಾಗಿ ಬಂದವು. ತೊಂದರೆಗೆ ಸಿಕ್ಕಿದವರು ಎರಡು ಬಗೆಯವರು: ಲೈಬ್ರರಿಯ ಸ್ಟ್ರಕ್ಚರ್ ಒಳಗೆ ನೇರವಾಗಿ ಕೈ ಹಾಕಿ ‘ಶಾರ್ಟ್’ ಸಾಲನ್ನು ಓದುತ್ತಿದ್ದವರು, ಮತ್ತು ಕಡತವನ್ನು ತಾವೇ ಓದುತ್ತಿದ್ದವರು. ಮೊದಲನೆಯವರಿಗಾಗಿ ಎನ್‌ಕರ್ಸಸ್ ಹಳೆಯ ಟರ್ಮ್‌ಟೈಪ್ ಸ್ಟ್ರಕ್ಚರನ್ನು ಹಾಗೇ ಬಿಟ್ಟು, ಟರ್ಮ್‌ಟೈಪ್2 ಎಂಬ ಹೊಸದನ್ನು ಮಾಡಿತು. ಎರಡನೆಯವರು ತಮ್ಮ ಕೋಡ್ ತಾವೇ ತಿದ್ದಿಕೊಳ್ಳಬೇಕಾಯಿತು. ನೀವು ಹೊರಗೆ ಕೊಡುವುದು ಫಂಕ್ಷನ್‌ಗಳಾಗಿರಲಿ, ಸ್ಟ್ರಕ್ಚರ್ ಒಳಗೇ ಇರಲಿ.

ನೀವೇ ಓದುವುದಾದರೆ ಎರಡೂ ಗುರುತುಗಳನ್ನು ಒಪ್ಪಿ. 542 ಬಂದಾಗ ಅಗಲವಾಗುವುದು ಸಂಖ್ಯೆಗಳ ಭಾಗ ಮಾತ್ರ. ತಲೆಬರಹವೂ ಸ್ಟ್ರಿಂಗ್‌ಗಳ ಸ್ಥಾನಸೂಚಿಗಳೂ ಎರಡೇ ಬೈಟ್, ಬಾಲದಲ್ಲೂ ಇದೇ ನಿಯಮ. ಹೌದು–ಇಲ್ಲ ಭಾಗ ಬೆಸ ಸ್ಥಾನದಲ್ಲಿ ಮುಗಿದರೆ ಒಂದು ಬೈಟ್ ಬಿಟ್ಟು ಸರಿ ಸ್ಥಾನದಿಂದ ಓದಬೇಕು. ಸಂಖ್ಯೆಗಳು ನಾಲ್ಕು ಬೈಟ್ ಆದರೂ ಇದು ಎರಡರ ಗುಣಕವೇ, ನಾಲ್ಕರದ್ದಲ್ಲ. ಬಾಲ ಶುರುವಾಗುವಲ್ಲಿಯೂ ಹೀಗೇ. ಸಂಖ್ಯೆಗಳನ್ನು ಚಿಹ್ನೆ ಸಮೇತ ಓದಿ: ‑1 ಎಂದರೆ ಇಲ್ಲ, ‑2 ಎಂದರೆ ಬೇಕೆಂದೇ ತೆಗೆದುಹಾಕಿದೆ. ಚಿಹ್ನೆ ಮರೆತರೆ ಸಾಲುಗಳ ಸಂಖ್ಯೆ 65535 ಎಂದು ಬಂದು ಪರದೆ ಹುಚ್ಚು ಹಿಡಿದಂತೆ ಆಡುತ್ತದೆ. 414 ಎಂಬ ಸಂಖ್ಯೆಯನ್ನು ಓದುವ ಕೋಡ್‌ನಲ್ಲಿ ಎಲ್ಲೂ ಬರೆಯಬೇಡಿ, ಎಷ್ಟು ಓದಬೇಕು ಎಂಬುದನ್ನು ತಲೆಬರಹ ಮಾತ್ರ ಹೇಳಲಿ. ಬಾಲದಲ್ಲಿ ಗುಣಗಳ ಹೆಸರುಗಳಿಗೆ ಕೊಟ್ಟ ಸ್ಥಾನಗಳು ಕೋಷ್ಟಕದ ಆರಂಭದಿಂದ ಲೆಕ್ಕವಲ್ಲ, ಮೌಲ್ಯಗಳ ಸ್ಟ್ರಿಂಗ್‌ಗಳು ಮುಗಿದ ಜಾಗದಿಂದ ಲೆಕ್ಕ. ಸ್ವಂತ ಓದುಗ ಬರೆಯುವವರು ಎಡವುವ ಜಾಗ ಇದು.

ಇನ್ನು, ತಲೆಬರಹ ಹೇಳಿದ್ದನ್ನು ನಂಬುವ ಮೊದಲು ಪರೀಕ್ಷಿಸಿ. ಒಟ್ಟು ಗಾತ್ರ ಹಳೆಯ ಫಾರ್ಮ್ಯಾಟ್‌ನಲ್ಲಿ 4096, ಹೊಸದರಲ್ಲಿ 32768 ಬೈಟ್ ಮೀರಬಾರದು. ಪ್ರತಿ ಸ್ಥಾನಸೂಚಿಯೂ ಕೋಷ್ಟಕದ ಒಳಗೇ ಇರಬೇಕು, ಪ್ರತಿ ಸ್ಟ್ರಿಂಗ್‌ಗೂ ಕೋಷ್ಟಕ ಮುಗಿಯುವ ಮೊದಲೇ ಸೊನ್ನೆ ಬೈಟ್ ಸಿಗಬೇಕು. ಟರ್ಮ್‌ಇನ್ಫೋ ವೇರಿಯಬಲ್ ಮತ್ತು ಮನೆ ಡೈರೆಕ್ಟರಿಯ ಮೂಲಕ ಯಾರು ಬೇಕಾದರೂ ತಮಗೆ ಬೇಕಾದ ಕಡತವನ್ನು ಮುಂದಿಡಬಹುದು. ಇದೇ ದಾರಿಯಲ್ಲಿ ಎನ್‌ಕರ್ಸಸ್‌ನಲ್ಲೇ ಮೆಮೊರಿ ಕೆಡಿಸಬಹುದು ಎಂದು ಮೈಕ್ರೋಸಾಫ್ಟ್‌ನ ಸಂಶೋಧಕರು 2023ರಲ್ಲಿ ತೋರಿಸಿದರು, ಆ ವರ್ಷದ ಏಪ್ರಿಲ್‌ನಲ್ಲಿ ಅದಕ್ಕೆ ತಿದ್ದುಪಡಿ ಬಂತು. ಹೆಚ್ಚಿನ ಅಧಿಕಾರದೊಂದಿಗೆ ಓಡುವ ಪ್ರೋಗ್ರಾಂನಲ್ಲಿ ನಿಮ್ಮ ಲೈಬ್ರರಿ ಆ ವೇರಿಯಬಲ್ಲನ್ನು ಗಮನಿಸಲೇಬಾರದು. ಇನ್ನು ಮೂರನೆಯ ಗುರುತು ಸಂಖ್ಯೆಯೊಂದು ಎಂದಾದರೂ ಬಂದರೆ ‘ಟರ್ಮಿನಲ್ ಗೊತ್ತಿಲ್ಲ’ ಎನ್ನಬೇಡಿ. ಕಡತ ಸಿಕ್ಕಿತು, ಅದರ ಗುರುತು ಇಂಥದ್ದು, ಅದು ನನಗೆ ತಿಳಿಯದು ಎಂದು ಕಡತದ ಪೂರ್ಣ ಹೆಸರಿನ ಸಮೇತ ಹೇಳಿ. ನೀವು ಇಷ್ಟು ಹೊತ್ತು ಕಳೆದದ್ದು ಆ ಒಂದು ಸಾಲು ಇಲ್ಲದ್ದರಿಂದ.

ಪರೀಕ್ಷೆಗೆ ನಾಲ್ಕು ಕಡತಗಳು ಸಾಕು: ಬಾಲವಿಲ್ಲದ ಎಡಿಎಂ-3ಎ, ಹಳೆಯ ಫಾರ್ಮ್ಯಾಟ್‌ನಲ್ಲೇ ಬಾಲವಿರುವ ಎಕ್ಸ್‌ಟರ್ಮ್, ನೀವು ತಿದ್ದಿ ಕಂಪೈಲ್ ಮಾಡಿದ 256ಕಲರ್, ಮತ್ತು ಎಕ್ಸ್‌ಟರ್ಮ್-ಡೈರೆಕ್ಟ್. ಪ್ರತಿಯೊಂದರಲ್ಲೂ ನಿಮ್ಮ ಓದುಗ ಕೊಟ್ಟ ಉತ್ತರವನ್ನು ಇನ್ಫೋಸಿಎಂಪಿ ‑ಎಕ್ಸ್ ಕೊಟ್ಟ ಪಠ್ಯದೊಂದಿಗೆ ಸಾಲು ಸಾಲಾಗಿ ಹೋಲಿಸಿ. ಕೊನೆಯದರಲ್ಲಿ ಬಣ್ಣಗಳ ಸಂಖ್ಯೆ 1,67,77,216 ಬರಬೇಕು. ಕಡತದಲ್ಲಿ ಅದರ ನಾಲ್ಕು ಬೈಟ್‌ಗಳು 0, 0, 0, 1. ಬಣ್ಣಗಳು ಸೊನ್ನೆ ಎಂದು ಬಂದರೆ ನಿಮ್ಮ ಕೋಡ್ ಇನ್ನೂ ಎರಡೇ ಬೈಟ್ ಓದುತ್ತಿದೆ.